ಗಾಡ್ಜಿಲ್ಲಾ: ಅಭಿಮಾನಿಯ ತಕರಾರು ಮತ್ತು ಮುಂದಿನ ಭಾಗದ ಮಾರುಕಟ್ಟೆ

ಸರಕು ಕೊಂಡವನು ತಕರಾರು ತೆಗೆದರೆ ವ್ಯಾಪಾರಿಗೆ ಬೇಸರವಾಗುವುದು ಸಹಜ. ಆದರೆ ತಕರಾರು ಹೇಳಲೆಂದು ಮರಳಿ ಅಂಗಡಿಗೆ ಬಂದ ಗಿರಾಕಿ ಇನ್ನೂ ಕೈತಪ್ಪಿಲ್ಲ. ಏನನ್ನೂ ಹೇಳದೆ ಬೇರೆ ಅಂಗಡಿಯ ಮೆಟ್ಟಿಲು ಹತ್ತಿದವನೇ ನಿಜವಾದ ನಷ್ಟ. ಅನುಭವಸ್ಥ ವರ್ತಕರೆಲ್ಲರೂ ಬಲ್ಲ ಈ ಸಂಗತಿಗೆ ಏಳು ದಶಕಗಳ ಲೆಕ್ಕಸಹಿತ ನಿದರ್ಶನವೊಂದು ಚಲನಚಿತ್ರೋದ್ಯಮದಲ್ಲಿ ದೊರೆಯುತ್ತದೆ. ಅದೇ ಜಪಾನಿನ ದೈತ್ಯ ಪ್ರಾಣಿ ಗಾಡ್ಜಿಲ್ಲಾ.

1954ರಿಂದ 2024ರವರೆಗೆ ಈ ಪ್ರಾಣಿಯನ್ನು ಕುರಿತು 38 ಚಲನಚಿತ್ರಗಳು ತೆರೆಕಂಡಿವೆ. ಇವುಗಳಲ್ಲಿ 33 ಜಪಾನಿನವು, 5 ಅಮೆರಿಕದವು. ಪ್ರತಿಯೊಂದು ಚಿತ್ರದ ನಂತರವೂ ಅಭಿಮಾನಿಗಳು ಮೆಚ್ಚಿದ್ದಾರೆ ಇಲ್ಲವೆ ಜರೆದಿದ್ದಾರೆ. ಎರಡೂ ಸಂದರ್ಭಗಳಲ್ಲಿ ಮುಂದಿನ ಭಾಗ ಯಾವಾಗ ಎಂದು ಕೇಳಿದ್ದಾರೆ. ಆ ಬೇಡಿಕೆಯನ್ನು ನಂಬಿ ಬಂಡವಾಳ ಹೂಡುವವರು ಚಿತ್ರ ನಿರ್ಮಾಪಕರು ಮಾತ್ರವಲ್ಲ. ಗೊಂಬೆ ತಯಾರಕರು, ಬಟ್ಟೆ ಮುದ್ರಿಸುವವರು, ಶಾಲಾಚೀಲ ಹೊಲಿಯುವವರು ಮತ್ತು ಚಿಲ್ಲರೆ ಅಂಗಡಿಯವರೂ ಅದೇ ನಂಬಿಕೆಯ ಮೇಲೆ ದಾಸ್ತಾನು ಮಾಡುತ್ತಾರೆ. ಆದ್ದರಿಂದ ಅಭಿಮಾನಿಯ ಮಾತಿಗೆ ಮಾರುಕಟ್ಟೆಯಲ್ಲಿ ಎಷ್ಟು ತೂಕ ಎಂಬ ಪ್ರಶ್ನೆ ಸಣ್ಣ ಉದ್ಯಮಿಗಳಿಗೂ ಸಂಬಂಧಿಸಿದ್ದು.

ಕಡಿಮೆ ಸಮಯದಲ್ಲಿ ಸಿದ್ಧವಾದ ಸರಕು

ಮೊದಲ ಚಿತ್ರ 1954ರ ನವೆಂಬರ್ 3ರಂದು ಜಪಾನಿನಾದ್ಯಂತ ಬಿಡುಗಡೆಯಾಯಿತು. ಅದೇ ವರ್ಷದ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ಅಮೆರಿಕವು ಹೈಡ್ರೋಜನ್ ಬಾಂಬ್ ಪರೀಕ್ಷೆ ನಡೆಸಿತ್ತು. ಆಗ ಉದುರಿದ ವಿಕಿರಣಯುಕ್ತ ಬೂದಿ ಒಂದು ಜಪಾನೀ ಮೀನುಗಾರಿಕಾ ದೋಣಿಯ ಮೇಲೆ ಬಿದ್ದು ಅದರಲ್ಲಿದ್ದವರು ಅಸ್ವಸ್ಥರಾಗಿದ್ದರು. ತೋಹೊ ಕಂಪನಿಯ ನಿರ್ಮಾಪಕ ತೊಮೊಯುಕಿ ತನಾಕಾ, ನಿರ್ದೇಶಕ ಇಶಿರೊ ಹೋಂಡಾ ಮತ್ತು ವಿಶೇಷ ದೃಶ್ಯಗಳ ತಜ್ಞ ಐಜಿ ತ್ಸುಬುರಾಯಾ ಅವರು ಆ ಭೀತಿಗೆ ಒಂದು ರೂಪ ಕೊಟ್ಟರು. ಬಾಂಬ್ ಪರೀಕ್ಷೆಯಿಂದ ಎಚ್ಚೆತ್ತು ಸಮುದ್ರದಿಂದ ಎದ್ದುಬರುವ, 50 ಮೀಟರ್ ಎತ್ತರದ ಪ್ರಾಣಿಯೇ ಆ ರೂಪ.

ಇಲ್ಲಿನ ತಯಾರಿಕಾ ವಿಧಾನವೂ ಗಮನಾರ್ಹ. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸುತ್ತಾ ಒಂದೊಂದೇ ಚಿತ್ರ ತೆಗೆಯುವ ಅಮೆರಿಕನ್ ವಿಧಾನಕ್ಕೆ ಬೇಕಾದ ಸಮಯವೂ ಹಣವೂ ತ್ಸುಬುರಾಯಾ ಅವರ ಬಳಿ ಇರಲಿಲ್ಲ. ಆದಕಾರಣ ನಟನೊಬ್ಬನಿಗೆ ಭಾರವಾದ ರಬ್ಬರ್ ಉಡುಪು ತೊಡಿಸಿ, ಟೋಕಿಯೊ ನಗರದ ಕಿರುಮಾದರಿಯ ನಡುವೆ ನಡೆಸಲಾಯಿತು. ಮೊದಲು ಸಿದ್ಧಪಡಿಸಿದ ಉಡುಪು ಸುಮಾರು 100 ಕಿಲೋ ತೂಗುತ್ತಿತ್ತು. ಪ್ರಾಣಿಯ ಘರ್ಜನೆಗಾಗಿ ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಅವರು ದೊಡ್ಡ ತಂತಿವಾದ್ಯವೊಂದರ ತಂತಿಗಳನ್ನು ರಾಳ ಸವರಿದ ಚರ್ಮದ ಕೈಗವಸಿನಿಂದ ಉಜ್ಜಿಸಿ ಧ್ವನಿಮುದ್ರಣ ಮಾಡಿಸಿದರು. ಕೊರತೆಯ ನಡುವೆ ಹುಟ್ಟಿದ ಈ ಭಾರವಾದ ನಡಿಗೆ ಮತ್ತು ಈ ಘರ್ಜನೆಗಳೇ ಮುಂದೆ ಸರಕಿನ ಗುರುತುಗಳಾದವು. ಮೊದಲ ಬಿಡುಗಡೆಯಲ್ಲಿ ಸುಮಾರು 96 ಲಕ್ಷ ಟಿಕೆಟ್‌ಗಳು ಮಾರಾಟವಾದವು.

ಏರಿದ ಲೆಕ್ಕ, ಇಳಿದ ಲೆಕ್ಕ

ಮುಂದಿನ ಭಾಗವನ್ನು ತರುವಲ್ಲಿ ತೋಹೊ ತಡಮಾಡಲಿಲ್ಲ. ಐದೇ ತಿಂಗಳಲ್ಲಿ, ಅಂದರೆ 1955ರ ಏಪ್ರಿಲ್‌ನಲ್ಲಿ, ಎರಡನೆಯ ಚಿತ್ರ ತೆರೆಕಂಡಿತು. 1962ರಲ್ಲಿ ಅಮೆರಿಕದ ಕಿಂಗ್ ಕಾಂಗ್ ಪಾತ್ರದ ಹಕ್ಕು ಪಡೆದು ಇಬ್ಬರನ್ನೂ ಎದುರುಬದುರು ನಿಲ್ಲಿಸಿದ ಚಿತ್ರಕ್ಕೆ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಟಿಕೆಟ್‌ಗಳು ಮಾರಾಟವಾದವು. ಈ ಪ್ರಾಣಿಯ ಇತಿಹಾಸದಲ್ಲಿ ಜಪಾನಿನ ಟಿಕೆಟ್ ಸಂಖ್ಯೆಯ ಮಟ್ಟಿಗೆ ಅದೇ ಗರಿಷ್ಠ.

ಆ ಬಳಿಕ ಬಹುತೇಕ ವರ್ಷಕ್ಕೊಂದರಂತೆ ಚಿತ್ರಗಳು ಬಂದವು. ಅದೇ ಕಾಲಕ್ಕೆ ಜಪಾನಿನ ಮನೆಮನೆಗಳಿಗೆ ದೂರದರ್ಶನ ಪೆಟ್ಟಿಗೆ ಬಂದಿತು. ದೈತ್ಯ ಪ್ರಾಣಿಗಳ ಕಾದಾಟ ವಾರವಾರವೂ ಮನೆಯಲ್ಲೇ ಕಾಣಸಿಗುವಂತಾಯಿತು. ಚಿತ್ರಗಳ ವೆಚ್ಚ ಕಡಿತಗೊಂಡಿತು. ಹಳೆಯ ಚಿತ್ರಗಳ ದೃಶ್ಯಗಳನ್ನೇ ಹೊಸದರಲ್ಲಿ ಸೇರಿಸುವ ಪರಿಪಾಠ ಬೆಳೆಯಿತು. 1975ರಲ್ಲಿ ಬಂದ ಚಿತ್ರಕ್ಕೆ ಮಾರಾಟವಾದ ಟಿಕೆಟ್ ಸುಮಾರು 9 ಲಕ್ಷ 70 ಸಾವಿರ ಮಾತ್ರ. ಮೊದಲ ಚಿತ್ರಕ್ಕೆ ಹೋಲಿಸಿದರೆ ಇದು ಹತ್ತನೆಯ ಒಂದು ಭಾಗ. ಅಲ್ಲಿಗೆ ಸರಣಿ ನಿಂತುಹೋಯಿತು.

ಇಲ್ಲಿ ಒಂದು ಅಂಶವನ್ನು ಗುರುತಿಸಬೇಕು. ಈ ಅವಧಿಯಲ್ಲಿ ಪ್ರೇಕ್ಷಕರು ಗದ್ದಲವೆಬ್ಬಿಸಲಿಲ್ಲ. ಸುಮ್ಮನೆ ಬರುವುದನ್ನು ಬಿಟ್ಟರು. ಟಿಕೆಟ್ ಲೆಕ್ಕದ ಪುಸ್ತಕವೊಂದನ್ನುಳಿದು ಬೇರೆಲ್ಲಿಯೂ ಅವರ ಅಸಮಾಧಾನ ದಾಖಲಾಗಲಿಲ್ಲ.

ಒಂಬತ್ತು ವರ್ಷಗಳ ಬಿಡುವಿನ ಬಳಿಕ, ಚಿಕ್ಕಂದಿನಲ್ಲಿ ಈ ಚಿತ್ರಗಳನ್ನು ನೋಡಿ ಬೆಳೆದವರ ಒತ್ತಾಯಕ್ಕೂ ಮನ್ನಣೆ ದೊರೆತು, 1984ರಲ್ಲಿ ಗಾಡ್ಜಿಲ್ಲಾ ಮರಳಿತು. ಟಿಕೆಟ್ ಮಾರಾಟ ಸುಮಾರು 32 ಲಕ್ಷಕ್ಕೇರಿತು. ಮುಂದಿನ ಭಾಗಕ್ಕಾಗಿ ತೋಹೊ ಸಾರ್ವಜನಿಕರಿಂದಲೇ ಕಥೆಗಳನ್ನು ಆಹ್ವಾನಿಸಿತು. ಸ್ಪರ್ಧೆಯಲ್ಲಿ ಗೆದ್ದದ್ದು ವೃತ್ತಿಯಿಂದ ದಂತವೈದ್ಯರಾಗಿದ್ದ ಶಿನಿಚಿರೊ ಕೊಬಯಾಶಿ ಅವರ ಕಥೆ. ಗುಲಾಬಿ ಗಿಡ ಮತ್ತು ಗಾಡ್ಜಿಲ್ಲಾ ಜೀವಕೋಶಗಳ ಬೆರಕೆಯಿಂದ ಹುಟ್ಟುವ ಬಿಯೊಲಾಂಟೆ ಎಂಬ ಪ್ರಾಣಿಯ ಆ ಚಿತ್ರ 1989ರಲ್ಲಿ ತೆರೆಕಂಡಿತು. ಅಭಿಮಾನಿಗಳಿಗೆ ಅದು ಅಚ್ಚುಮೆಚ್ಚಿನದಾಯಿತು. ಆದರೆ ಟಿಕೆಟ್ ಮಾರಾಟ ಸುಮಾರು 20 ಲಕ್ಷಕ್ಕೆ ಕುಸಿಯಿತು. ಮಕ್ಕಳೂ ಪೋಷಕರೂ ಬಲ್ಲ ಹಳೆಯ ಎದುರಾಳಿ ಮೊತ್ರಾವನ್ನು 1992ರಲ್ಲಿ ಮರಳಿ ತಂದಾಗ ಮಾರಾಟ 42 ಲಕ್ಷ ತಲಪಿತು. ಅಭಿಮಾನಿ ಹೇಳಿದ್ದನ್ನು ಕೇಳಬೇಕು. ಆದರೆ ಅವನೊಬ್ಬನೇ ಮಾರುಕಟ್ಟೆಯಲ್ಲ ಎಂಬುದಕ್ಕೆ ಈ ಎರಡು ಚಿತ್ರಗಳ ಅಂತರವೇ ಸಾಕ್ಷಿ.

1998: ಗಾತ್ರವನ್ನೇ ನಂಬಿದ ಪ್ರಚಾರ

ಹಾಲಿವುಡ್‌ನ ಟ್ರೈಸ್ಟಾರ್ ಸಂಸ್ಥೆಯು ತೋಹೊದಿಂದ ಹಕ್ಕು ಪಡೆದು ನಿರ್ಮಿಸಿದ, ರೋಲಂಡ್ ಎಮರಿಕ್ ನಿರ್ದೇಶನದ ಚಿತ್ರ 1998ರ ಮೇ ತಿಂಗಳಲ್ಲಿ ಅಮೆರಿಕದ 3,300ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಬಿಡುಗಡೆಯಾಯಿತು. ಇದಕ್ಕಾದ ನಿರ್ಮಾಣ ವೆಚ್ಚ ಸುಮಾರು 13 ಕೋಟಿ ಡಾಲರ್. ಪ್ರಾಣಿಯ ಅಗಾಧ ಗಾತ್ರವನ್ನೇ ಸಾರುವ ಘೋಷಣೆ ಬಸ್ಸು, ಕಟ್ಟಡ, ಜಾಹೀರಾತು ಫಲಕಗಳ ಮೇಲೆಲ್ಲ ಕಾಣಿಸಿಕೊಂಡಿತು. ಆದರೆ ಪ್ರಾಣಿಯ ಪೂರ್ಣ ರೂಪವನ್ನು ಮಾತ್ರ ಬಿಡುಗಡೆಯ ದಿನದವರೆಗೆ ಗುಟ್ಟಾಗಿ ಇಡಲಾಯಿತು. ಪಾದ, ಕಣ್ಣು, ಬಾಲದ ತುದಿಗಳಷ್ಟೇ ಜನರ ಕಣ್ಣಿಗೆ ಬಿದ್ದವು.

ತೆರೆಯ ಮೇಲೆ ಕಂಡದ್ದು ಬೇರೆಯೇ ಪ್ರಾಣಿ. ನೆಟ್ಟಗೆ ನಿಂತು ಭಾರವಾಗಿ ಹೆಜ್ಜೆ ಇಡುತ್ತಿದ್ದ ಗಾಡ್ಜಿಲ್ಲಾ ಇಲ್ಲಿ ಬಾಗಿ ಓಡುವ ದೊಡ್ಡ ಉಡದಂತಿತ್ತು. ಎದುರು ನಿಂತು ಸೈನ್ಯವನ್ನೇ ನಡುಗಿಸುತ್ತಿದ್ದದ್ದು ಇಲ್ಲಿ ಹೆಲಿಕಾಪ್ಟರ್‌ಗಳಿಂದ ತಪ್ಪಿಸಿಕೊಂಡು ಕಟ್ಟಡಗಳ ಸಂದಿಗಳಲ್ಲಿ ಅವಿತುಕೊಂಡಿತು. ಬಾಯಿಂದ ಹೊಮ್ಮುವ ಅಣುಕಿರಣ ಇರಲೇ ಇಲ್ಲವೆನ್ನಬಹುದು. ಕಡೆಗೆ ವಿಮಾನಗಳ ಕೆಲವೇ ಕ್ಷಿಪಣಿಗಳಿಗೆ ಅದು ಬಲಿಯಾಯಿತು.

ಮೊದಲ ವಾರಾಂತ್ಯದಲ್ಲಿ ಜನ ನುಗ್ಗಿದರು. ಎರಡನೆಯ ವಾರಾಂತ್ಯದಲ್ಲಿ ಗಳಿಕೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಜಗತ್ತಿನಾದ್ಯಂತ ಒಟ್ಟು ಸುಮಾರು 38 ಕೋಟಿ ಡಾಲರ್ ಬಂದಿತು. ಲೆಕ್ಕಕ್ಕೆ ಇದು ನಷ್ಟದ ಚಿತ್ರವಲ್ಲ. ಆದರೂ ಯೋಜಿಸಿದ್ದ ಎರಡನೆಯ ಭಾಗ ಬರಲಿಲ್ಲ. ಅದಕ್ಕಾಗಿ ಕಥೆಯ ರೂಪರೇಖೆ ಸಿದ್ಧವಾಗಿದ್ದರೂ ಕೈಬಿಡಲಾಯಿತು. ಒಂದು ಕಾರ್ಟೂನ್ ಧಾರಾವಾಹಿ ಮಾತ್ರ ಪ್ರಸಾರಗೊಂಡಿತು. 2003ರಲ್ಲಿ ಮುಂದಿನ ಭಾಗ ನಿರ್ಮಿಸುವ ಹಕ್ಕಿನ ಅವಧಿಯೇ ತೀರಿಹೋಯಿತು.

ಅಭಿಮಾನಿಗಳ ತಕರಾರು ಚಿತ್ರ ಚೆನ್ನಾಗಿಲ್ಲ ಎಂಬಷ್ಟೇ ಆಗಿರಲಿಲ್ಲ. ಹೆಸರು ಗಾಡ್ಜಿಲ್ಲಾ, ಸರಕು ಬೇರೆ ಎಂಬುದು ಅವರ ಆಕ್ಷೇಪವಾಗಿತ್ತು. ವ್ಯಾಪಾರದ ಭಾಷೆಯಲ್ಲಿ ಹೇಳುವುದಾದರೆ, ಚೀಟಿಯೊಂದು, ಪೊಟ್ಟಣದೊಳಗಿನ ಪದಾರ್ಥ ಮತ್ತೊಂದು. ತೋಹೊ ಈ ಆಕ್ಷೇಪವನ್ನು ಮನಗಂಡಿತು. 1999ರ ಡಿಸೆಂಬರ್‌ನಲ್ಲೇ ಹಳೆಯ ಮಾದರಿಯ ಉಡುಪು ತೊಟ್ಟ ತನ್ನದೇ ಗಾಡ್ಜಿಲ್ಲಾವನ್ನು ತೆರೆಗೆ ತಂದಿತು. 2004ರ ಚಿತ್ರದಲ್ಲಿ ಅಮೆರಿಕನ್ ಪ್ರಾಣಿಗೆ ಬರಿದೆ ಜಿಲ್ಲಾ ಎಂಬ ಹೆಸರಿಟ್ಟು, ಸಿಡ್ನಿ ನಗರದಲ್ಲಿ ಅಸಲಿ ಗಾಡ್ಜಿಲ್ಲಾದ ಕೈಯಲ್ಲಿ ಕೆಲವೇ ಕ್ಷಣಗಳಲ್ಲಿ ಸೋಲಿಸಿತು. ಚಿತ್ರಮಂದಿರಗಳಲ್ಲಿ ಅಭಿಮಾನಿಗಳು ಚಪ್ಪಾಳೆ ತಟ್ಟಿದ ದೃಶ್ಯವದು. ಮೂಲ ಸರಕಿನ ಒಡೆಯನು ಗಿರಾಕಿಯ ದೂರಿಗೆ ಕೊಟ್ಟ ಬಹಿರಂಗ ಉತ್ತರವೆಂದು ಅದನ್ನು ಪರಿಗಣಿಸಬಹುದು.

ಹೊರೆ ಹೊತ್ತವರು ಯಾರು?

ಚಿತ್ರ ನಿರ್ಮಾಪಕರು ವಿದೇಶೀ ಬಿಡುಗಡೆ, ವಿಡಿಯೊ ಮತ್ತು ದೂರದರ್ಶನ ಹಕ್ಕುಗಳಿಂದ ಹಣ ಹಿಂಪಡೆಯಬಲ್ಲರು. ಪಾತ್ರದ ಹೆಸರಿನಲ್ಲಿ ಸರಕು ತಯಾರಿಸುವವನಿಗೆ ಆ ಅನುಕೂಲವಿಲ್ಲ. ಇದಕ್ಕೆ ಕಾರಣ ಲೈಸೆನ್ಸ್ ಒಪ್ಪಂದದ ಸ್ವರೂಪದಲ್ಲಿಯೇ ಇದೆ.

ಪಾತ್ರದ ಒಡೆಯನು ತಯಾರಕನಿಂದ ಎರಡು ಬಗೆಯ ಹಣ ಪಡೆಯುತ್ತಾನೆ. ಮಾರಾಟದ ಮೇಲೆ ಶೇಕಡಾವಾರು ರಾಯಲ್ಟಿ ಒಂದು. ಮಾರಾಟ ಎಷ್ಟೇ ಆಗಲಿ ಕೊಡಲೇಬೇಕಾದ ಕನಿಷ್ಠ ಖಾತರಿ ಮೊತ್ತ ಇನ್ನೊಂದು. ಉದಾಹರಣೆಗೆ, ರಾಯಲ್ಟಿ ಶೇ. 10, ಖಾತರಿ ಮೊತ್ತ ರೂ. 10 ಲಕ್ಷ ಎಂದಿಟ್ಟುಕೊಳ್ಳೋಣ. ಸರಕು ರೂ. 1 ಕೋಟಿಗೆ ಮಾರಾಟವಾದರೆ ಎರಡೂ ಸಮನಾಗುತ್ತವೆ. ಮಾರಾಟ ರೂ. 40 ಲಕ್ಷಕ್ಕೆ ನಿಂತರೂ ರೂ. 10 ಲಕ್ಷ ಕೊಡಲೇಬೇಕು. ಆಗ ರಾಯಲ್ಟಿಯ ವಾಸ್ತವಿಕ ದರ ಶೇ. 25 ಆಗುತ್ತದೆ. ಇದರ ಮೇಲೆ ಅಚ್ಚಿನ ವೆಚ್ಚ ಮತ್ತು ಮಾರಾಟವಾಗದೆ ಉಳಿದ ಸರಕಿನ ಗೋದಾಮು ಬಾಡಿಗೆ. ಒಂದು ಪಾತ್ರಕ್ಕೆಂದೇ ಮಾಡಿಸಿದ ಅಚ್ಚು ಬೇರೆ ಯಾವ ಗೊಂಬೆಗೂ ಉಪಯೋಗವಾಗುವುದಿಲ್ಲ.

1998ರ ಚಿತ್ರದ ಗೊಂಬೆಗಳ ಪಾಡು ಹೀಗೆಯೇ ಆಯಿತು. ರೂಪ ಗುಟ್ಟಾಗಿದ್ದುದರಿಂದ ಗೊಂಬೆಗಳನ್ನು ಮುಂಚಿತವಾಗಿ ಅಂಗಡಿಗಳಲ್ಲಿ ಪ್ರದರ್ಶಿಸಿ ಮಕ್ಕಳ ಆಸೆ ಕೆರಳಿಸಲು ಅವಕಾಶವಿರಲಿಲ್ಲ. ರೂಪ ಬಯಲಾದ ಮೇಲೆ ಅದನ್ನು ಕೊಳ್ಳುವವರು ಕಡಿಮೆಯಾದರು. ಮಾರಾಟ ನಿರೀಕ್ಷೆಗಿಂತ ಬಹಳ ಕಡಿಮೆಯಾಗಿ, ಉಳಿದ ಸರಕು ರಿಯಾಯಿತಿ ಬೆಲೆಯ ಕಪಾಟು ಸೇರಿತು. ಮುಂದಿನ ಭಾಗ ಬಂದಿದ್ದರೆ ಅದೇ ಅಚ್ಚುಗಳಿಗೆ ಮರುಜೀವ ಬರುತ್ತಿತ್ತೇನೋ. ಆದರೆ ಆ ಬಾಗಿಲೂ ಮುಚ್ಚಿತು.

ಜಪಾನಿನ ಗೊಂಬೆ ತಯಾರಕರು ಈ ಅಪಾಯವನ್ನು ಮೊದಲೇ ಕಂಡಿದ್ದರು. ಮರುಸಾನ್ ಎಂಬ ಸಂಸ್ಥೆಯು 1966ರಲ್ಲಿ ಮೃದು ವಿನೈಲ್ ಗಾಡ್ಜಿಲ್ಲಾ ಗೊಂಬೆಗಳನ್ನು ತಯಾರಿಸಿತು. ಬಳಿಕ ಬುಲ್‌ಮಾರ್ಕ್ ಎಂಬ ಸಂಸ್ಥೆ ಆ ವ್ಯಾಪಾರವನ್ನು ಮುಂದುವರಿಸಿತು. ಚಿತ್ರಗಳ ಬೇಡಿಕೆ ಕುಗ್ಗಿದಂತೆ 1970ರ ದಶಕದ ಉತ್ತರಾರ್ಧದಲ್ಲಿ ಅದೂ ಬಾಗಿಲು ಮುಚ್ಚಿತು. 1983ರಲ್ಲಿ ಬಂಡಾಯ್ ಕಂಪನಿ ಇದೇ ಬಗೆಯ ಗೊಂಬೆಗಳ ಹೊಸ ಸರಣಿ ಆರಂಭಿಸಿತು. ಆ ಸರಣಿ ಇಂದಿನವರೆಗೂ ಬೆಳೆದುಬಂದಿದೆ.

ಈ ಗೊಂಬೆಗಳ ತಯಾರಿಕಾ ಕ್ರಮ ಸಣ್ಣ ಉದ್ದಿಮೆಗೆ ಹೇಳಿಮಾಡಿಸಿದಂಥದ್ದು. ಟೋಕಿಯೊದ ಕತ್ಸುಶಿಕಾ ಪ್ರದೇಶ ಇದಕ್ಕೆ ಹೆಸರಾದ ಕೇಂದ್ರ. ಮೊದಲು ಮೇಣದ ಮೂಲಮಾದರಿಯನ್ನು ತಯಾರಿಸಿ, ಅದರ ಮೇಲೆ ವಿದ್ಯುಲ್ಲೇಪನದಿಂದ ಲೋಹದ ಪದರ ಬೆಳೆಸುತ್ತಾರೆ. ಮೇಣ ಕರಗಿಸಿ ತೆಗೆದಾಗ ಪೊಳ್ಳು ಅಚ್ಚು ಉಳಿಯುತ್ತದೆ. ಅದರೊಳಗೆ ದ್ರವರೂಪದ ವಿನೈಲ್ ಸುರಿದು ಕಾದ ಎಣ್ಣೆಯಲ್ಲಿ ಅದ್ದಿದರೆ ಅಚ್ಚಿನ ಗೋಡೆಗೆ ತಗುಲಿದ ಭಾಗ ಮಾತ್ರ ಗಟ್ಟಿಯಾಗುತ್ತದೆ. ಉಳಿದ ದ್ರವವನ್ನು ಹೊರಚೆಲ್ಲಿ, ಮತ್ತೊಮ್ಮೆ ಕಾಯಿಸಿ, ನೀರಿನಲ್ಲಿ ತುಸು ಆರಿಸಿ, ಇನ್ನೂ ಮೆತ್ತಗಿರುವಾಗಲೇ ಇಕ್ಕಳದಿಂದ ಎಳೆದು ತೆಗೆಯುತ್ತಾರೆ. ಅಗಲವಾದ ಗೊಂಬೆಯೂ ಕಿರಿದಾದ ಬಾಯಿಂದ ಹೊರಬರುವುದು ಈ ಮೆತುತನದಿಂದಲೇ. ಪ್ಲಾಸ್ಟಿಕ್ ಇಂಜೆಕ್ಷನ್ ಯಂತ್ರಕ್ಕೆ ಬೇಕಾದ ಉಕ್ಕಿನ ಡೈಗಿಂತ ಇಂಥ ಅಚ್ಚು ಅಗ್ಗ. ಆದ್ದರಿಂದ ಸಣ್ಣ ಪ್ರಮಾಣದಲ್ಲಿ ತಯಾರಿಸಿ, ಬೇಡಿಕೆ ನೋಡಿಕೊಂಡು ಮತ್ತೆ ತಯಾರಿಸುವುದು ಸಾಧ್ಯ. ಮುಂದಿನ ಭಾಗ ಬರುವುದೋ ಇಲ್ಲವೋ ಎಂಬ ಅನಿಶ್ಚಯವಿರುವ ವ್ಯಾಪಾರಕ್ಕೆ ಇದಕ್ಕಿಂತ ತಕ್ಕ ವಿಧಾನ ವಿರಳ.

ಕಿವಿಗೊಟ್ಟ ಹಾಲಿವುಡ್

2014ರಲ್ಲಿ ಲೆಜೆಂಡರಿ ಮತ್ತು ವಾರ್ನರ್ ಬ್ರದರ್ಸ್ ಸಂಸ್ಥೆಗಳು ಗ್ಯಾರೆತ್ ಎಡ್ವರ್ಡ್ಸ್ ನಿರ್ದೇಶನದಲ್ಲಿ ಮತ್ತೆ ಪ್ರಯತ್ನಿಸಿದವು. ಈ ಬಾರಿ ನೆಟ್ಟಗಿನ ನಿಲುವು, ಭಾರವಾದ ನಡಿಗೆ, ಘರ್ಜನೆ, ನೀಲಿ ಅಣುಕಿರಣ ಎಲ್ಲವನ್ನೂ ಉಳಿಸಿಕೊಳ್ಳಲಾಗಿತ್ತು. ಜಾಹೀರಾತು ಹೊರಬಿದ್ದಾಗ ಪ್ರಾಣಿ ತೀರ ದಪ್ಪಗಿದೆ ಎಂದು ಜಪಾನಿನ ಅಭಿಮಾನಿಗಳು ತಮಾಷೆ ಮಾಡಿದರು. ಆದರೆ ಇದು ಗಾಡ್ಜಿಲ್ಲಾ ಅಲ್ಲವೆಂದು ಯಾರೂ ಹೇಳಲಿಲ್ಲ. ತೆರೆಕಂಡ ಬಳಿಕ ಬಂದ ಮುಖ್ಯ ದೂರೆಂದರೆ, ಎರಡು ಗಂಟೆಗಳ ಚಿತ್ರದಲ್ಲಿ ಗಾಡ್ಜಿಲ್ಲಾ ಕಾಣುವುದು ಹತ್ತು ನಿಮಿಷದಷ್ಟು ಮಾತ್ರ ಎಂಬುದು. 1998ರ ದೂರಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲಿನದು ಸರಕನ್ನು ತಿರಸ್ಕರಿಸುವ ಮಾತು. ಇದು ಇನ್ನಷ್ಟು ಬಡಿಸಿ ಎಂದು ಕೇಳುವ ಮಾತು.

ಗಳಿಕೆ ಸುಮಾರು 53 ಕೋಟಿ ಡಾಲರ್. ಅದೇ ವರ್ಷದ ಜುಲೈನಲ್ಲಿ, ಮುಂದಿನ ಭಾಗಕ್ಕಾಗಿ ರೊಡಾನ್, ಮೊತ್ರಾ ಮತ್ತು ಕಿಂಗ್ ಗಿಡೊರಾ ಎಂಬ ಮೂರು ಪ್ರಾಣಿಗಳ ಹಕ್ಕನ್ನೂ ಪಡೆದಿರುವುದಾಗಿ ಲೆಜೆಂಡರಿ ಪ್ರಕಟಿಸಿತು. ಗಾಡ್ಜಿಲ್ಲಾ ಹಕ್ಕು ಪಡೆದರೆ ಉಳಿದ ಪ್ರಾಣಿಗಳೂ ಜೊತೆಗೆ ಬರುವುದಿಲ್ಲ ಎಂಬುದನ್ನು ಇದು ತೋರಿಸುತ್ತದೆ.

2019ರ ಆ ಚಿತ್ರದಲ್ಲಿ ಅಭಿಮಾನಿಗಳು ಕೇಳಿದ್ದೆಲ್ಲವೂ ಇತ್ತು. ನಾಲ್ಕು ದೈತ್ಯ ಪ್ರಾಣಿಗಳು, ದೀರ್ಘವಾದ ಕಾದಾಟ, ಇಫುಕುಬೆ ಅವರ ಹಳೆಯ ಸಂಗೀತದ ಮರುಬಳಕೆ. ಅವರು ಮೆಚ್ಚಿದರು. ಆದರೆ ಮನುಷ್ಯ ಪಾತ್ರಗಳ ಕಥೆ ಸಪ್ಪೆಯೆಂಬ ಅಭಿಪ್ರಾಯ ವಿಮರ್ಶಕರಲ್ಲಿ ಬಲವಾಗಿ, ಸಾಮಾನ್ಯ ಪ್ರೇಕ್ಷಕರು ಹಿಂಜರಿದರು. ಅಮೆರಿಕದಲ್ಲಿ 2014ರಲ್ಲಿ ಸುಮಾರು 20 ಕೋಟಿ ಡಾಲರ್ ಇದ್ದ ಗಳಿಕೆ 11 ಕೋಟಿಗೆ ಇಳಿಯಿತು. ಜಾಗತಿಕ ಮೊತ್ತ ಸುಮಾರು 39 ಕೋಟಿಗೆ ನಿಂತಿತು. 1989ರ ಬಿಯೊಲಾಂಟೆ ಚಿತ್ರದ ಅನುಭವವೇ ಮತ್ತೊಮ್ಮೆ ಮರುಕಳಿಸಿತೆನ್ನಬೇಕು.

ಸಾಂಕ್ರಾಮಿಕ ರೋಗದ ನಿರ್ಬಂಧಗಳ ನಡುವೆಯೇ ಬಂದ 2021ರ ಚಿತ್ರದಲ್ಲಿ ಗಾಡ್ಜಿಲ್ಲಾ ಮತ್ತು ಕಾಂಗ್ ಮುಖಾಮುಖಿಯಾದವು. ಗಳಿಕೆ ಸುಮಾರು 47 ಕೋಟಿ ಡಾಲರ್. ಭಾರತದಲ್ಲಿ ಅದು ಅಮೆರಿಕಕ್ಕಿಂತ ಒಂದು ವಾರ ಮುಂಚಿತವಾಗಿ, ಮಾರ್ಚ್ 24ರಂದು, ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಭಾಷೆಗಳಲ್ಲಿ ಬಿಡುಗಡೆಯಾಯಿತು. 2024ರಲ್ಲಿ ಇಬ್ಬರೂ ಒಂದಾಗಿ ಹೋರಾಡುವ ಚಿತ್ರ ಸುಮಾರು 57 ಕೋಟಿ ಡಾಲರ್ ತಂದಿತು. ಎರಡು ತಲೆಮಾರುಗಳಿಗೆ ಪರಿಚಿತವಾದ 1962ರ ಸೂತ್ರವೇ ಹೊಸ ಪೊಟ್ಟಣದಲ್ಲಿ ಮರಳಿತ್ತು. ಅದರ ಮುಂದಿನ ಭಾಗಕ್ಕೆ 2027ರ ಮಾರ್ಚ್ ತಿಂಗಳನ್ನು ಗೊತ್ತುಪಡಿಸಲಾಯಿತು.

ಸಣ್ಣ ಬಂಡವಾಳದ ದೊಡ್ಡ ಫಲ

ಇದೇ ಅವಧಿಯಲ್ಲಿ ಜಪಾನಿನಲ್ಲಿ ಎರಡು ಚಿತ್ರಗಳು ಬೇರೆ ದಾರಿ ಹಿಡಿದವು. 2016ರ ಜುಲೈನಲ್ಲಿ ಬಂದ ಶಿನ್ ಗಾಡ್ಜಿಲ್ಲಾ ಚಿತ್ರವು 2011ರ ಭೂಕಂಪ, ಸುನಾಮಿ ಮತ್ತು ಫುಕುಶಿಮಾ ಅಣುಸ್ಥಾವರ ದುರಂತದ ಸಮಯದಲ್ಲಿ ಸರ್ಕಾರಿ ಯಂತ್ರ ತಡವರಿಸಿದ್ದನ್ನು ನೆನಪಿಗೆ ತರುವಂತಿತ್ತು. ಜಪಾನಿನಲ್ಲಿಯೇ 800 ಕೋಟಿ ಯೆನ್‌ಗೂ ಹೆಚ್ಚು ಗಳಿಸಿತು. ಆ ವರ್ಷದ ಆಗಸ್ಟ್‌ನಲ್ಲಿ ಟೋಕಿಯೊದಲ್ಲಿ ಪ್ರೇಕ್ಷಕರು ಕೂಗಿ, ದೀಪದ ಕೋಲುಗಳನ್ನು ಬೀಸಿ ಚಿತ್ರ ನೋಡಲು ಅವಕಾಶವಿದ್ದ ವಿಶೇಷ ಪ್ರದರ್ಶನವನ್ನೂ ಏರ್ಪಡಿಸಲಾಯಿತು. ಈಗಾಗಲೇ ನೋಡಿದವನೇ ಮತ್ತೆ ಟಿಕೆಟ್ ಕೊಳ್ಳುವಂತೆ ಮಾಡಿದ ಏರ್ಪಾಡು ಇದು.

2023ರ ನವೆಂಬರ್ 3ರಂದು ತೆರೆಕಂಡ ಗಾಡ್ಜಿಲ್ಲಾ ಮೈನಸ್ ಒನ್ ಚಿತ್ರದ ಲೆಕ್ಕ ಇನ್ನೂ ಗಮನಾರ್ಹ. ನಿರ್ದೇಶಕ ತಕಾಶಿ ಯಮಜಾಕಿ ಅವರೇ ವಿಶೇಷ ದೃಶ್ಯಗಳ ಮೇಲ್ವಿಚಾರಣೆಯನ್ನೂ ವಹಿಸಿಕೊಂಡಿದ್ದರು. ಕೇವಲ 35 ಮಂದಿಯ ತಂಡ 610 ದೃಶ್ಯತುಣುಕುಗಳನ್ನು ಸಿದ್ಧಪಡಿಸಿತು. ನಿರ್ದೇಶಕನೂ ಕುಶಲಕರ್ಮಿಗಳೂ ಒಂದೇ ಸೂರಿನಡಿ ಇದ್ದುದರಿಂದ ತಿದ್ದುಪಡಿಗಳು ಅಲ್ಲಲ್ಲೇ ಮುಗಿದವು. ವೆಚ್ಚ ಒಂದೂವರೆ ಕೋಟಿ ಡಾಲರ್‌ಗಿಂತ ಕಡಿಮೆ. 1998ರ ಚಿತ್ರದ ವೆಚ್ಚದ ಎಂಟನೆಯ ಒಂದು ಭಾಗದಷ್ಟು. ಪ್ರಾಣಿಯ ಎತ್ತರವೂ 1954ರಂತೆ ಸುಮಾರು 50 ಮೀಟರ್ ಮಾತ್ರ. ಯುದ್ಧದಲ್ಲಿ ಸೋತು ಏನೂ ಉಳಿಯದ ಜಪಾನಿನಲ್ಲಿ, ಬದುಕಿ ಬಂದದ್ದಕ್ಕೇ ನಾಚುವ ಸೈನಿಕನ ಕಥೆಯನ್ನು ಅದು ಹೇಳಿತು. ಆದುದರಿಂದ ಗಾಡ್ಜಿಲ್ಲಾ ಹೆಸರನ್ನೇ ಅರಿಯದವರೂ ಬಂದು ನೋಡಿದರು. ಜಗತ್ತಿನಾದ್ಯಂತ 11 ಕೋಟಿ ಡಾಲರ್‌ಗೂ ಹೆಚ್ಚು ಗಳಿಕೆಯಾಯಿತು. 2024ರ ಮಾರ್ಚ್‌ನಲ್ಲಿ ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಪ್ರಶಸ್ತಿ ದೊರೆಯಿತು. ಈ ವಿಭಾಗದಲ್ಲಿ ಜಪಾನೀ ಚಿತ್ರವೊಂದಕ್ಕೆ ಇದೇ ಮೊದಲನೆಯದು.

ಮುಂದಿನ ಭಾಗ ಬೇಕೆಂಬ ಕೂಗು ಎಲ್ಲೆಡೆಯಿಂದ ಎದ್ದಿತು. ತೋಹೊ ಮಾತ್ರ ಅವಸರಪಡಲಿಲ್ಲ. ಒಂದು ವರ್ಷ ಕಳೆದ ಬಳಿಕ, 2024ರ ನವೆಂಬರ್‌ನಲ್ಲಿ, ಯಮಜಾಕಿ ಅವರದೇ ನಿರ್ದೇಶನದಲ್ಲಿ ಹೊಸ ಚಿತ್ರ ಬರುವುದೆಂದು ಪ್ರಕಟಿಸಿತು. 2025ರ ನವೆಂಬರ್‌ನಲ್ಲಿ ಅದಕ್ಕೆ ಗಾಡ್ಜಿಲ್ಲಾ ಮೈನಸ್ ಜೀರೊ ಎಂಬ ಹೆಸರನ್ನು ಘೋಷಿಸಿತು. 1955ರಲ್ಲಿ ಐದೇ ತಿಂಗಳಲ್ಲಿ ಎರಡನೆಯ ಭಾಗ ತಂದ ಕಂಪನಿ ಕಾಯಿಸುವುದರ ಬೆಲೆಯನ್ನೂ ಕಲಿತಿತ್ತು.

ಹೆಸರಿನ ಹಕ್ಕು

ಜನಪ್ರಿಯ ಪಾತ್ರದ ಹೆಸರನ್ನು ತಮ್ಮ ಸರಕಿಗೆ ಬಳಸುವ ಆಸೆ ತಯಾರಕರಿಗೆ ಬರುವುದುಂಟು. ಇದರ ಮಿತಿಗಳನ್ನು ಅಮೆರಿಕದ ಎರಡು ಮೊಕದ್ದಮೆಗಳು ತಿಳಿಸುತ್ತವೆ. ಸಿಯರ್ಸ್ ಎಂಬ ಮಳಿಗೆ ಸಂಸ್ಥೆ ಬ್ಯಾಗ್‌ಜಿಲ್ಲಾ ಎಂಬ ಹೆಸರಿನಲ್ಲಿ ಕಸದ ಚೀಲಗಳನ್ನು ಮಾರಿದಾಗ ತೋಹೊ ದಾವೆ ಹೂಡಿತು. ಚಿತ್ರ ಕಂಪನಿಯೇ ಕಸದ ಚೀಲ ತಯಾರಿಸಿದೆಯೆಂದು ಯಾವ ಗಿರಾಕಿಯೂ ಭಾವಿಸಲಾರನೆಂಬ ಕಾರಣಕ್ಕೆ 1981ರಲ್ಲಿ ತೋಹೊ ಸೋತಿತು. ಆದರೆ 1998ರಲ್ಲಿ ಪ್ರಕಾಶನ ಸಂಸ್ಥೆಯೊಂದು ಅನುಮತಿಯಿಲ್ಲದೆ ಗಾಡ್ಜಿಲ್ಲಾ ಹೆಸರನ್ನು ದೊಡ್ಡದಾಗಿ ಮುದ್ರಿಸಿದ ಪುಸ್ತಕ ಹೊರತರಲು ಮುಂದಾದಾಗ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಗಿರಾಕಿ ಮೋಸಹೋಗುವ ಸಂಭವವಿದೆಯೆ ಎಂಬುದೇ ಎರಡರಲ್ಲಿಯೂ ಮುಖ್ಯ ಪ್ರಶ್ನೆಯಾಗಿತ್ತು.

ಮೊದಲನೆಯ ತೀರ್ಪನ್ನು ನೋಡಿ ಭಾರತದ ತಯಾರಕರು ಧೈರ್ಯ ತಾಳುವಂತಿಲ್ಲ. 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ 29ನೆಯ ಪ್ರಕರಣವು, ದೇಶದಲ್ಲಿ ಹೆಸರು ಗಳಿಸಿದ ನೋಂದಾಯಿತ ಚಿಹ್ನೆಯನ್ನು ಬೇರೆ ಬಗೆಯ ಸರಕಿಗೆ ಬಳಸಿ ಅನುಚಿತ ಲಾಭ ಪಡೆಯುವುದನ್ನೂ ಉಲ್ಲಂಘನೆಯೆಂದು ಪರಿಗಣಿಸುತ್ತದೆ. ಚಿತ್ರ ಹಳೆಯದೆಂಬ ಸಮಾಧಾನವೂ ಸಲ್ಲದು. ಚಿಹ್ನೆಯ ನೋಂದಣಿಯನ್ನು ಹತ್ತು ವರ್ಷಗಳಿಗೊಮ್ಮೆ ನವೀಕರಿಸುತ್ತಲೇ ಹೋಗಬಹುದು. ಲೈಸೆನ್ಸ್ ಪಡೆದು ಆಟಿಕೆ ತಯಾರಿಸುವವರಿಗೂ 2021ರ ಜನವರಿ 1ರಿಂದ ಜಾರಿಗೆ ಬಂದ ಗುಣಮಟ್ಟ ನಿಯಂತ್ರಣ ಆದೇಶದಂತೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಪಾತ್ರದ ಹಕ್ಕಿಗೆ ಹಣ ಕಟ್ಟುವ ಮೊದಲೇ ಪರೀಕ್ಷಾ ವೆಚ್ಚವನ್ನು ಲೆಕ್ಕಕ್ಕೆ ಸೇರಿಸುವುದು ಕ್ಷೇಮ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ತಕರಾರುಗಳಲ್ಲಿ ಎರಡು ಬಗೆ. ಇನ್ನಷ್ಟು ಬೇಕೆನ್ನುವ ತಕರಾರು ಬೇಡಿಕೆಯ ಸೂಚನೆ. ಇದು ಆ ಸರಕೇ ಅಲ್ಲವೆನ್ನುವ ತಕರಾರು ಅಪಾಯದ ಸೂಚನೆ. ಎರಡನೆಯದು ಕೇಳಿಬಂದಾಗ ಹೊಸ ಅಚ್ಚಿಗೆ ಹಣ ಹಾಕುವುದನ್ನು ನಿಲ್ಲಿಸಬೇಕು.

ಎರಡನೆಯದಾಗಿ, ಮೊದಲ ವಾರದ ನೂಕುನುಗ್ಗಲು ಪ್ರಚಾರದ ಫಲ. ಎರಡನೆಯ ವಾರದ ಗಳಿಕೆ ಸರಕಿನ ಫಲ. ಮರು ಆರ್ಡರ್ ಕೊಡುವವರು ಎರಡನೆಯದನ್ನು ಕಾದು ನೋಡಬೇಕು.

ಮೂರನೆಯದಾಗಿ, ಮುಂದಿನ ಭಾಗದ ಸುದ್ದಿ ಒಪ್ಪಂದವಲ್ಲ. 1998ರ ಚಿತ್ರಕ್ಕೆ ಹಕ್ಕೂ ಇತ್ತು, ಕಥೆಯೂ ಇತ್ತು. ಚಿತ್ರ ಮಾತ್ರ ಬರಲಿಲ್ಲ. ಲೈಸೆನ್ಸ್ ಪಡೆಯುವವರು ಚಿತ್ರ ಬಾರದಿದ್ದರೆ ಅಥವಾ ಮುಂದೂಡಿದರೆ ಖಾತರಿ ಮೊತ್ತ ಇಳಿಯಬೇಕೆಂಬ ಷರತ್ತನ್ನು, ಅವಧಿ ಮುಗಿದ ಮೇಲೆ ಉಳಿದ ದಾಸ್ತಾನು ಮಾರಲು ಕಾಲಾವಕಾಶವನ್ನು ಹಾಗೂ ಪಾತ್ರದ ರೂಪ ಎಷ್ಟು ದಿನ ಮುಂಚಿತವಾಗಿ ದೊರೆಯುವುದೆಂಬುದನ್ನು ಬರವಣಿಗೆಯಲ್ಲಿ ಸೇರಿಸಿಕೊಳ್ಳಬೇಕು.

ನಾಲ್ಕನೆಯದಾಗಿ, ನಿಷ್ಠೆಯುಳ್ಳ ಗಿರಾಕಿಗಳನ್ನು ಮೆಚ್ಚಿಸಿದ ಮಾತ್ರಕ್ಕೆ ವ್ಯಾಪಾರ ಬೆಳೆಯದು. 1989 ಮತ್ತು 2019ರ ಚಿತ್ರಗಳೇ ಇದಕ್ಕೆ ನಿದರ್ಶನ. ಹಳಬರು ಗುರುತಿಸುವ ಗುಣವನ್ನು ಉಳಿಸಿಕೊಂಡು ಹೊಸಬರು ಒಳಬರುವ ಬಾಗಿಲನ್ನೂ ತೆರೆದಿಡಬೇಕು.

ಚನ್ನಪಟ್ಟಣದ ಅರಗಿನ ಗೊಂಬೆಯ ಹೊಳಪಾಗಲಿ, ಮೈಸೂರು ರೇಷ್ಮೆಯ ಜರಿಯಾಗಲಿ, ಗಿರಾಕಿಯು ಕೈಗೆತ್ತಿಕೊಂಡ ಕೂಡಲೇ ಗುರುತಿಸುವ ಗುಣವೊಂದು ಪ್ರತಿ ಹೆಸರಾಂತ ಸರಕಿಗೂ ಇರುತ್ತದೆ. ಆ ಗುಣ ಯಾವುದೆಂದು ತಯಾರಕನಿಗಿಂತ ಹಳೆಯ ಗಿರಾಕಿಯೇ ಎಷ್ಟೋ ವೇಳೆ ಚೆನ್ನಾಗಿ ಬಲ್ಲ. 13 ಕೋಟಿ ಡಾಲರ್ ವೆಚ್ಚಮಾಡಿದವರು ಅವನನ್ನು ಕೇಳಲಿಲ್ಲ; ಅವರು ಯೋಜಿಸಿದ್ದ ಎರಡನೆಯ ಭಾಗ ಕಾಗದದ ಮೇಲೆಯೇ ಉಳಿಯಿತು.